ಜಪ ಮಾತಲ್ಲ ಅಂದರು

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ದೆವು. ಮೈದುನ ತನ್ನ ಫೋನಿನಿಂದ ಯಾವುದೋ ಸಿನಿಮಾ ಹಾಕಿದ. ಸಂಗೀತ ಕಲಿಯಲು ಹಟ ಹಿಡಿದ ಶಿಷ್ಯ, ಅವನ ಚರ್ಮ ಸುಲಿಯುವ ಗುರು. ಗುರು ಬೈಯುತ್ತಾನೆ, ನಾಲ್ಕು ಜನರ ಮುಂದೆ ಮಾನ ಕಳೆಯುತ್ತಾನೆ, ಶಿಷ್ಯ ಇನ್ನಷ್ಟು ಹಟ ಹಿಡಿಯುತ್ತಾನೆ. ಅಷ್ಟೇ ಕಥೆ. ನಮ್ಮ ಮೈದುನ ಮಾತ್ರ ಕರಗಿ ನೀರಾಗಿಹೋದ. ಆದೋನಿ ಯಾರ್ಡಿನಲ್ಲಿ ಹತ್ತಿ ವ್ಯಾಪಾರ ಮಾಡುವವನು ಅವನು, ಸಂಗೀತದ ಗಂಧಗಾಳಿ ಇಲ್ಲ.

"ಗುರು ಅಂದ್ರ ಹಿಂಗ ಇರಬೇಕ್ ನೋಡ್ರಿ ಅತ್ತಿಗಿ. ಈಗಿನ ಮಾಸ್ತರಗಳು ಏನರ ಅಂದ್ರ ಸಾಕು, ತಾಯಿತಂದಿ ಜಗಳಕ್ಕ ಬರ್ತಾರ. ಹಂಗಾದ್ರ ಮಕ್ಕಳು ಎಲ್ಲಿ ಕಲಿತಾವ?"

ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅವನು ಕೆಟ್ಟವನಲ್ಲ, ಮರೆಗುಳಿ. ಅದೇ ಸೋಫಾದ ತುದಿಯಲ್ಲಿ ನನ್ನ ಮಗಳು ಕೂತಿದ್ದಳು. ಅವಳು ಅವನಿಗೆ ಕೊಟ್ಟ ಉತ್ತರ ನನಗೆ ಒಳಗೆ ಕೇಳಿಸಿತು. ಅದನ್ನು ಕೊನೆಗೆ ಹೇಳುತ್ತೇನೆ, ಈಗಲೇ ಹೇಳಿದರೆ ನಿಮಗೆ ಅದರ ಭಾರ ಗೊತ್ತಾಗುವುದಿಲ್ಲ. ನಾನು ಈ ನನ್ನ ಪುಟದಲ್ಲಿ ಅತ್ತೆ-ಸೊಸೆ, ಒಗ್ಗರಣೆ, ಕೌತಾಳಂ ಬಸ್ಸಿನ ಸೀಟಿನ ಜಗಳ ಬರೆದು ನಗಿಸುವವಳು. ಇವತ್ತು ನಗು ಇಲ್ಲ. ಬೇಡದವರು ಮುಂದಕ್ಕೆ ಸರಿಸಿಕೊಂಡು ಹೋಗಿ, ಬೇಜಾರಿಲ್ಲ.

ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿಯಲ್ಲಿ, ಒಬ್ಬ ಹಾಡುಗಾರ್ತಿ ಇದ್ದಾರೆ. ಊರವರಿಗೆಲ್ಲ ಅವರು ಪೇಟಿ ಅಮ್ಮಾರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ. ಹರೆಯದಲ್ಲಿ ಅವರು ನಾಟಕ ಕಂಪನಿಯಲ್ಲಿ ಊರೂರು ತಿರುಗಿದವರು. ಮೈಕು ನೆಚ್ಚುವಂತಿರದ ಕಾಲ, ತಗಡಿನ ಥೇಟರು, ನೆಲದ ಮೇಲೆ ಕೂತ ಕೊನೆಯ ಸಾಲಿಗೂ ಹಾಡು ಮುಟ್ಟಬೇಕು. ಮುಟ್ಟುತ್ತಿತ್ತಂತೆ. ಕಂಪನಿ ಮುಚ್ಚಿದ ಮೇಲೆ ಆದೋನಿಗೆ ಬಂದು ನಿಂತರು. ಶ್ರಾವಣದಲ್ಲಿ ಮಠದಲ್ಲಿ ತಿಂಗಳು ಪುರಾಣ ನಡೆಯುತ್ತದಲ್ಲ, ಸ್ವಾಮಿಗಳು ಕಥೆ ಹೇಳುತ್ತಾರೆ, ನಡುನಡುವೆ ವಚನ ಹಾಡಿಸುತ್ತಾರೆ. ಅಲ್ಲಿ ಪೇಟಿ ಅಮ್ಮಾರದು, ಹಾಡು ಅವರ ಶಿಷ್ಯರದು.

ಅವರು ತಾವು ಹಾಡುತ್ತಿರಲಿಲ್ಲ. ಹಾಡಲು ಅವರಿಗೆ ಗಂಟಲೇ ಉಳಿದಿರಲಿಲ್ಲ. ಮಾತಾಡಿದರೆ ಕಬ್ಬಿಣದ ಮಂಚವನ್ನು ಬಂಡೆಯ ಮೇಲೆ ಎಳೆದ ಹಾಗೆ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಗುಟ್ಟೇನಲ್ಲ. "ಹಾಡಿ ಹಾಡಿ ಸವೆಸಿದ ಗಂಟಲು" ಎಂದು ಜನ ಅದನ್ನು ಮೆಡಲ್ಲಿನ ಹಾಗೆ ತೋರಿಸುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಅವರ ಹತ್ತಿರ ಒಂದು ಪದ್ಧತಿ ಇತ್ತು. ಸಾಧಾರಣವಾಗಿ ಹೆಣ್ಣುಮಕ್ಕಳು ಹಾರ್ಮೋನಿಯಂನಲ್ಲಿ ಕರಿ ನಾಲ್ಕು, ಅಂದರೆ ನಾಲ್ಕನೆಯ ಕಪ್ಪು ಕೀಲಿಯ ಮನೆ, ಹೆಚ್ಚೆಂದರೆ ಕರಿ ಐದನ್ನು ಷಡ್ಜ ಮಾಡಿಕೊಂಡು ಹಾಡುತ್ತಾರೆ. ಅದರ ಮೇಲೆ ಹೋದರೆ ತಾರಸ್ಥಾಯಿಯಲ್ಲಿ ಗಂಟಲು ಹರಿಯುತ್ತದೆ. ಅಮ್ಮಾರದು ಅದಕ್ಕೂ ಮೇಲಿನ ಸಪ್ತಕದ ಕರಿ ಒಂದು. ಕಂಪನಿಯಲ್ಲಿ ಅವರ ಗುರು ಹಿಡಿಸಿದ ಮನೆ ಅದು. ಅವರ ಕೈಯಲ್ಲಿ ಕಲಿಯುವವರು ಯಾರೇ ಇರಲಿ, ಚಿಕ್ಕವರಿರಲಿ ದೊಡ್ಡವರಿರಲಿ, ಧ್ವನಿ ಎಂಥದೇ ಇರಲಿ, ಅದೇ ಕರಿ ಒಂದು. ಇಳಿಸಿ ಎಂದು ಕೇಳುವುದು ಗುರುವಿನ ಮುಖಕ್ಕೆ ಉಗಿದಂತೆ. ಒಬ್ಬಳು ಕೇಳಿದ್ದಳಂತೆ. ಅವಳ ಕೈಗೆ ತಾಳ ಕೊಟ್ಟು ಮೂಲೆಗೆ ಕೂಡಿಸಿದರು. ಅವಳು ಮತ್ತೆ ಹಾಡಲಿಲ್ಲ, ತಾಳ ಕುಟ್ಟುತ್ತಲೇ ಮದುವೆಯಾಗಿ ಹೋದಳು.

ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಗ ಪುರಾಣಕ್ಕೆ ಅಜ್ಜಿಯ ಜೊತೆ ಹೋಗಿ, ಅಲ್ಲಿ ಹಾಡು ಕೇಳಿ, ಮನೆಗೆ ಬಂದವಳೇ ನಾನೂ ಕಲಿಯುತ್ತೇನೆ ಅಂದಳು. ಕಲಿ ಅಂದೆವು. ಡ್ರಾಯಿಂಗ್ ಕ್ಲಾಸು ಬಿಟ್ಟಿದ್ದಳು, ಹಿಂದಿ ಪರೀಕ್ಷೆ ಬಿಟ್ಟಿದ್ದಳು, ಇದನ್ನೂ ಬಿಡುತ್ತಾಳೆ ಅಂದುಕೊಂಡೆವು. ಬಿಡಲಿಲ್ಲ. ಡಿಗ್ರಿ ಕಾಲೇಜಿಗೆ ಬರುವ ಹೊತ್ತಿಗೆ ಮನೆಯಲ್ಲಿ ನಮಗೆ ಮಗಳೇ ಇರಲಿಲ್ಲ, ಒಂದು ಗಂಟಲು ಇತ್ತು. ಗಂಟಲಿಗೆ ಮೊಸರು ಆಗದು, ಉಪ್ಪಿನಕಾಯಿ ಆಗದು, ಶೇಂಗಾ ಚಟ್ನಿ ಆಗದು. ಮೇ ತಿಂಗಳ ಆದೋನಿ ಬಿಸಿಲಿನಲ್ಲಿ ಫ್ಯಾನು ಆರಿಸಿ ಕೊರಳಿಗೆ ದುಪಟ್ಟಾ ಸುತ್ತಿಕೊಂಡು ಕೂರುವಳು. ನಾಗಲದಿನ್ನೆಯಲ್ಲಿ ಅವಳ ಚಿಕ್ಕಮ್ಮನ ಮಗಳ ಮದುವೆ. ಮದುಮಗಳೇ ಎದ್ದು ಬಂದು "ಒಂದೇ ಚಮಚೆ ತಿನ್ನೇ, ನನ್ನ ಮದ್ವಿ ಐಸ್‌ಕ್ರೀಮು" ಎಂದು ಬಾಯಿಗೆ ಹಿಡಿದಳು. ಇವಳು ಮುಖ ತಿರುಗಿಸಿ ಎದ್ದುಹೋಗಿ ಹೊಳೆಯ ದಂಡೆಯಲ್ಲಿ ಒಬ್ಬಳೇ ಕೂತಳು. ಅವರಿಬ್ಬರೂ ಒಂದೇ ತೊಟ್ಟಿಲಲ್ಲಿ ಮಲಗಿದವರು. ಆಮೇಲೆ ಮಾತು ನಿಂತಿತು.

ಇಷ್ಟೆಲ್ಲ ಯಾಕೆಂದರೆ, ಮಂಗಲದ ಹಾಡು. ಶ್ರಾವಣದ ಕೊನೆಗೆ ಪುರಾಣ ಮಂಗಲವಾಗುವ ದಿನ ಕೊನೆಯ ವಚನವನ್ನು ಅಮ್ಮಾರು ಒಬ್ಬ ಶಿಷ್ಯೆಗೆ ಕೊಡುತ್ತಿದ್ದರು. ಅದೊಂದಕ್ಕೆ ಮೈಕು ತೆಗೆಸುತ್ತಿದ್ದರು. ಕರಿ ಒಂದರಲ್ಲಿ, ಬರಿಗಂಟಲಿನಲ್ಲಿ, ಮಠದ ಅಂಗಳ ದಾಟಿ ರಸ್ತೆಯಲ್ಲಿ ನಿಂತವರಿಗೂ ಕೇಳಬೇಕು. ಹಾಗೆ ಹಾಡಿದವಳು ಅಮ್ಮಾರ ಶಿಷ್ಯೆ, ಉಳಿದವರು ಕ್ಲಾಸಿಗೆ ಬರುವವರು. ಆ ವರ್ಷದ ಮಂಗಲ ನನ್ನ ಮಗಳಿಗೆ ಎಂದು ಅಮ್ಮಾರು ಬೇಸಿಗೆಗೂ ಮುಂಚೆಯೇ ಹೇಳಿದ್ದರು.

ಆ ಚಳಿಗಾಲದಲ್ಲಿ ಒಂದು ಸಂಜೆ ಅಕಾಲದ ಮಳೆ ಬರುವ ಹಾಗಾಯಿತು. ಛತ್ರಿ ಕೊಡೋಣವೆಂದು ಓಣಿಗೆ ಹೋದೆ. ಮಿಲ್ಲು ಜೋರಾಗಿ ನಡೆಯುತ್ತಿತ್ತು. ನೆಲ, ಗೋಡೆ, ತುಳಸಿಗಿಡ, ಎಲ್ಲದರ ಮೇಲೂ ಹತ್ತಿಯ ಬಿಳಿ ಧೂಳು ನೊರೆಯ ಹಾಗೆ. ನನ್ನ ಮಗಳು ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ನಿಂತು ಹಾಡುತ್ತಿದ್ದಳು. ಅಮ್ಮಾರು ಒಳಗೆ ಬಾಗಿಲು ಮುಚ್ಚಿಕೊಂಡು ಪೇಟಿ ನುಡಿಸುತ್ತಿದ್ದರು. ಇದೇ ಅವರ ಪಾಠ. ಮಿಲ್ಲಿನ ಸದ್ದನ್ನು ದಾಟಿ, ಮುಚ್ಚಿದ ಬಾಗಿಲು ದಾಟಿ ಹಾಡು ಒಳಗೆ ಕೇಳಬೇಕು. ಕೇಳದಿದ್ದರೆ ಪೇಟಿ ನಿಲ್ಲಿಸುತ್ತಾರೆ. ಬೈಗುಳವಿಲ್ಲ, ಹೊಡೆತವಿಲ್ಲ, ಪೇಟಿ ನಿಲ್ಲುತ್ತದೆ. ನಿಂತರೆ ಹಾಡಿದವಳು ಮೊದಲಿನಿಂದ ಶುರು ಮಾಡಬೇಕು. ನಾನು ನಿಂತಷ್ಟು ಹೊತ್ತಿನಲ್ಲೇ ಅದು ನಿಂತು ನಿಂತು ಹೋಯಿತು. ಪ್ರತಿ ಸಲವೂ ನನ್ನ ಮಗಳ ಬೆನ್ನು ಏಟು ತಿಂದಂತೆ ಅದುರುತ್ತಿತ್ತು.

ಕೊನೆಗೆ ಬಾಗಿಲು ತೆರೆಯಿತು.

"ಏನ್ಬೇ, ಹತ್ತಿ ವ್ಯಾಪಾರದೋರ ಮಗಳು, ಮನ್ಯಾಗಿನ ಹತ್ತಿ ಸಾಲಲಿಲ್ಲಂತ ಗಂಟಲದಾಗೂ ತುಂಬ್ಕೊಂಡಿ ಏನು?"

"ಇಲ್ರಿ ಅಮ್ಮಾರ."

"ಇಲ್ರಿ ಅನ್ನೋದರ ಕೇಳಸಂಗ ಅನ್ನು. ಮಿಲ್ಲು ನಿನಗಿಂತ ಚೊಲೋ ಹಾಡಾಕತ್ತೈತಿ."

ನನ್ನನ್ನು ನೋಡಿದರು. "ನೀನ್ಯಾಕ ಬಂದೆವ್ವ? ಛತ್ರಿ ಇಟ್ಟು ಹೋಗು. ತಾಯಿ ಹಿಂದ ನಿಂತ್ರ ಮಕ್ಕಳ ಸ್ವರ ಮೆತ್ತಗಾಗತೈತಿ."

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ನಿಮಗೆ ಗೊತ್ತು. "ಒಂದೀಟು ಇಳಿಸಿ ಹಾಡಿಸಬಾರದೇನ್ರಿ ಅಮ್ಮಾರ? ಪಾಪ ಕೊರಳಿನ ನರ ಎದ್ದಾವು."

"ನನ್ನ ಗುರು ಇಳಿಸಲಿಲ್ಲ, ನಾ ಇಳಿಸಲಿಲ್ಲ. ಇಳಿಸಿ ಹಾಡಿಸೋರು ಊರಾಗ ಬೇಕಾದಷ್ಟು ಮಂದಿ ಅದಾರ. ಅವರ ಕಡಿ ಕಳಸು. ನಾಳಿನ ಕಳಸು, ನಾ ಏನೂ ಅನ್ನಂಗಿಲ್ಲ."

ದಾರಿಯಲ್ಲಿ ಮಗಳು ನನ್ನ ಮುಂದೆ ಮುಂದೆ ನಡೆದಳು. ಮನೆಯ ಬಾಗಿಲಿಗೆ ಬಂದ ಮೇಲೆ ತಿರುಗಿದಳು.

"ಯವ್ವಾ, ನೀನು ಇನ್ನೊಮ್ಮಿ ಅಲ್ಲಿ ಬಾಯಿ ತೆಗದ್ರ ನಾ ಈ ಮನಿಗೆ ಬರಂಗಿಲ್ಲ. ನನ್ನ ಕೈಯಾಗ ತಾಳ ನೋಡಬೇಕನಸೇತೇನು ನಿನಗ?"

ಯಾಕೆ ತಡೆಯಲಿಲ್ಲ ಎಂದು ಕಾಮೆಂಟಿನಲ್ಲಿ ಕೇಳಬೇಡಿ. ಡಿಗ್ರಿ ಓದುವ ಮಗಳನ್ನು ತಡೆದು ನೋಡಿ, ಆಮೇಲೆ ನನಗೆ ಬುದ್ಧಿ ಹೇಳಿ.

ಬೇಸಿಗೆಯಲ್ಲಿ ಧ್ವನಿ ಒಡೆಯತೊಡಗಿತು. ಬೆಳಿಗ್ಗೆ ಎದ್ದರೆ ಮಾತೇ ಹೊರಡದು, ಬಿಸಿನೀರು ಕುಡಿದ ಮೇಲೆ ಗೊಗ್ಗರು. ಜ್ಯೇಷ್ಠಮಧು ಚೀಪಿದಳು, ಮೆಣಸಿನ ಕಷಾಯ ಕುಡಿದಳು. ಆಷಾಢದ ಕೊನೆಗೆ ಒಂದು ದಿನ ಬಚ್ಚಲಿನಲ್ಲಿ ಉಗುಳಿದ್ದರಲ್ಲಿ ರಕ್ತದ ಎಳೆ ಕಂಡೆ. ಅಮ್ಮಾರಿಗೆ ಹೇಳಿದಳಂತೆ. "ಗಂಟಲು ತೆರೆಯಾಕತ್ತೈತಿ, ನನಗೂ ಹಿಂಗ ಆಗಿತ್ತು" ಅಂದರಂತೆ. ಮಗಳು ಅದನ್ನು ನನಗೆ ಹೇಳುವಾಗ ಅವಳ ಮುಖ ಹೊಳೆಯುತ್ತಿತ್ತು. ಅವಳ ಅಪ್ಪ ಯಾವತ್ತೂ ದನಿ ಎತ್ತಿದವರಲ್ಲ. ಆ ದಿನ ಕಾರಿನ ಕೀಲಿ ತೆಗೆದುಕೊಂಡು "ಹತ್ತು" ಎಂದಷ್ಟೇ ಅಂದರು. ಕರ್ನೂಲಿಗೆ ಹೋದೆವು.

ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಬಿಳಿ ದಾರದಂಥ ಎರಡು ಎಳೆ, ಎರಡರ ನಡುವಿಗೂ ಜೋಳದ ನುಚ್ಚಿನಷ್ಟು ಗಂಟು. ಡಾಕ್ಟರು ತೆಲುಗಿನವರು. "ನೆಲರೋಜುಲು ನೋರು ತೆರವೊದ್ದಮ್ಮಾ. ಮಾಟ ವದ್ದು, ಗುಸಗುಸ ಕೂಡಾ ವದ್ದು" ಅಂದರು. ತಿಂಗಳು ಬಾಯಿ ತೆರೆಯಬಾರದು, ಮಾತು ಬೇಡ, ಪಿಸುಮಾತೂ ಬೇಡ. ಗಂಟು ಇನ್ನೂ ಎಳೆಯದು, ಗಂಟಲಿಗೆ ವಿಶ್ರಾಂತಿ ಸಿಕ್ಕರೆ ತಾನೇ ಕರಗುತ್ತದೆ.

"ತರ್ವಾತ ಪಾಡೊಚ್ಚಾ ಸಾರ್?" ಆಮೇಲೆ ಹಾಡಬಹುದಾ ಎಂದು ಮಗಳು ಕೇಳಿದಳು.

"ನಾ ಮಾಟ ವಿಂಟೇ ಪಾಡೊಚ್ಚು" ಅಂದರು. ನನ್ನ ಮಾತು ಕೇಳಿದರೆ ಹಾಡಬಹುದು.

ವಾಪಸು ಬರುವಾಗ ಕಾರಿನಲ್ಲಿ ಅವಳು ಫೋನಿನಲ್ಲಿ ಟೈಪ್ ಮಾಡಿ ನನಗೆ ತೋರಿಸಿದಳು. ರೋಗ ಎಂದರೆ ಅಮ್ಮಾರು ಮಂಗಲವನ್ನು ಬೇರೆಯವಳಿಗೆ ಕೊಡುತ್ತಾರೆ. ವ್ರತ ಎಂದರೆ ಕೊಡಲಾರರು. ನಾಲ್ಕು ದಿನಕ್ಕೆ ಶ್ರಾವಣ. ಶ್ರಾವಣದ ಮೌನವ್ರತ ಹಿಡಿದಿದ್ದಾಳೆ ಅನ್ನಿ. ಮಂಗಲದ ದಿನ ಮೌನ ಮುರಿದು ಹಾಡುತ್ತೇನೆ.

ನಮ್ಮಂಥ ಮನೆಗಳಲ್ಲಿ ಇದು ಹೊಸದಲ್ಲ. ನನ್ನ ಅತ್ತೆ ಕೌತಾಳಂನವರು, ಅವರ ತಾಯಿ ಶ್ರಾವಣವಿಡೀ ಮೌನದಲ್ಲಿ ಇರುತ್ತಿದ್ದರು. ಸುದ್ದಿ ಕೇಳಿದ ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು ಪೆಟ್ಟಿಗೆಯಿಂದ ಅವರ ತಾಯಿಯ ರುದ್ರಾಕ್ಷಿ ಸರ ತೆಗೆದುಕೊಟ್ಟರು. ಗಂಟಲಿಗಾಗಿ ಇದು ಎಂದು ನಾನು ಹೇಳಿದೆ. "ಗಂಟಲಿಗೂ ಆತು, ಶಿವನಿಗೂ ಆತು. ಎರಡೂ ಒಂದ ಸಲ ಆದ್ರ ನಿನಗೇನು ನೋವು?" ಅಂದರು.

ಅಮ್ಮಾರಿಗೆ ಹೇಳಲು ನಾನೇ ಹೋದೆ, ಮಗಳು ಪಕ್ಕದಲ್ಲಿ ರುದ್ರಾಕ್ಷಿ ಹಿಡಿದು ನಿಂತಳು. ಶ್ರಾವಣದ ಹೊತ್ತಿಗೆ ಹತ್ತಿ ಮುಗಿದು ಮಿಲ್ಲು ನಿಂತಿರುತ್ತದೆ. ಓಣಿ ಬಿಕೋ ಅನ್ನುತ್ತಿತ್ತು.

ಅಮ್ಮಾರು ಮಗಳನ್ನು ಮೇಲಿಂದ ಕೆಳಗೆ ನೋಡಿದರು. "ಮೌನ ಚೊಲೋದು. ನಮ್ಮ ಕಂಪನ್ಯಾಗೂ ಹಿಡಿತಿದ್ರು. ಜಪ ಮಾಡ್ತಿ ಇಲ್ಲೋ?"

ಮಗಳು ತಲೆಯಾಡಿಸಿದಳು.

"ಹಂಗಾದ್ರ ಇಲ್ಲೇ ಕುಂತು ಮಾಡು. ದಿನಾ ಬಾ. ಸರಿಗಮ ಬ್ಯಾಡ, ಅದು ಮಾತಾಗತೈತಿ. ನ, ಮ, ಶಿ, ವಾ, ಯ. ಪಂಚಾಕ್ಷರಿನ ಪಲ್ಟಾದಾಗ ಕುಂದರಸು. ತುಟಿ ಆಡಬೇಕು, ಉಸಿರು ಆಡಬೇಕು, ಧ್ವನಿ ಬರಬಾರದು. ನಾನು ಪೇಟಿ ನುಡಸ್ತೀನಿ. ಮೌನಾನೂ ಕೆಡಂಗಿಲ್ಲ, ಅಭ್ಯಾಸಾನೂ ತಪ್ಪಂಗಿಲ್ಲ."

ಪಲ್ಟಾ ಎಂದರೆ ಸ್ವರಗಳನ್ನು ಏರಿಸಿ ಇಳಿಸಿ ತಿರುತಿರುವಿ ಹೇಳುವ ಅಭ್ಯಾಸ. ಮಗಳ ಮುಖದಲ್ಲಿ ಬೆಳಕು ಬಂತು. ನನಗೂ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಮೌನದಲ್ಲಿ ತುಟಿಯಾಡಿಸಿ ಜಪ ಮಾಡುವುದು ನಾವು ಹುಟ್ಟಿದಾಗಿನಿಂದ ನೋಡಿದ್ದು. ಅದರಿಂದ ಯಾರ ಮೌನವೂ ಮುರಿದದ್ದಿಲ್ಲ.

ಆ ತಿಂಗಳು ನಮ್ಮ ಮನೆಯಲ್ಲಿ ಅವಳು ಒಂದು ಮಾತು ಆಡಲಿಲ್ಲ. ಪಿಸುಗುಟ್ಟಲೂ ಇಲ್ಲ, ನೀರು ಬೇಕಾದರೂ ಕೈಸನ್ನೆ. ಡಾಕ್ಟರ ಮಾತನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ ರೋಗಿ ಬೇರೆ ಇರಲಾರರು. ಆದರೆ ಬೆಳಿಗ್ಗೆ ಅವಳ ಕೋಣೆಯಿಂದ ಒಂದು ಸದ್ದು ಶುರುವಾಗುತ್ತಿತ್ತು. ಕುಕ್ಕರು ಸೀಟಿ ಹೊಡೆಯುವ ಮುಂಚೆ ಹಿಸ್ ಅನ್ನುತ್ತದಲ್ಲ, ಆ ಸದ್ದು. ನಮಶಿವಾಯ, ಮಶಿವಾಯನ, ಶಿವಾಯನಮ. ಏರಿ, ಇಳಿದು, ಮತ್ತೆ ಏರಿ, ವೇಗ ಹೆಚ್ಚಾಗಿ. ತಿಂಡಿಯ ತನಕ ಇಲ್ಲಿ, ಆಮೇಲೆ ಓಣಿಯಲ್ಲಿ, ಬಂದ ಮೇಲೆ ಮತ್ತೆ ಇಲ್ಲಿ. ಒಮ್ಮೆ ಇಣುಕಿ ನೋಡಿದೆ. ಕೊರಳಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ಹಾಡುವಾಗಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ.

ಹೀರೇಕಾಯಿ ಹೆಚ್ಚುತ್ತ ಅತ್ತೆಯನ್ನು ಕೇಳಿದೆ. "ಅತ್ತಿ, ಅದು ಪಿಸುಮಾತು ಆಗಂಗಿಲ್ಲೇನ್ರಿ? ಡಾಕ್ಟರು ಬ್ಯಾಡಂದಿದ್ರಲ್ಲ."

"ಮಾತು ಬ್ಯಾಡ ಅಂದಾರ. ಜಪ ಮಾತಲ್ಲ. ಮಾತು ಅಂದ್ರ ನೀನು ಆಡ್ತೀಯಲ್ಲ, ಅದು."

"ಗಂಟಲಕ ಏನ್ ಗೊತ್ತಾಗತೈತ್ರಿ, ಯಾವದು ಜಪ ಯಾವದು ಮಾತು ಅಂತ?"

"ದೇವರ ಹೆಸರು ಗಂಟಲಕ ನಂಜಾತು ಅಂದೋರನ್ನ ನಾ ಇನ್ನೂ ನೋಡಿಲ್ಲ" ಅಂದರು ಅತ್ತೆ. ಬಾಗಿಲಲ್ಲಿ ಮಗಳು ನಿಂತಿದ್ದಳು. ಫೋನು ನನ್ನ ಮುಂದೆ ಹಿಡಿದಳು. ಜಪ ಮಾತಲ್ಲ, ಎಂದು ಅವಳೂ ಬರೆದಿದ್ದಳು. ಮೂರೂ ಜನ ಒಪ್ಪಿದೆವು. ಹೀರೇಕಾಯಿ ಒಲೆಗೆ ಏರಿತು.

ಮಂಗಲದ ದಿನ ಬೆಳಗಿನ ಪೂಜೆ ಮುಗಿದು, ಊಟಕ್ಕೆ ಇನ್ನೂ ಹೊತ್ತಿತ್ತು. ಮಠದ ಅಂಗಳದ ತುಂಬ ಜನ. ಹೊಳಗುಂದದಿಂದ ನನ್ನ ತವರಿನವರೂ ಬಂದಿದ್ದರು. ಹತ್ತಿ ಮಾರ್ಕೆಟ್ಟಿನ ದೊಡ್ಡವರೆಲ್ಲ ಮುಂದಿನ ಸಾಲಿನಲ್ಲಿ. ತಿಂಗಳ ಮೌನ ಹಿಡಿದ ಹುಡುಗಿ ಇವತ್ತು ಬಾಯಿ ತೆರೆಯುತ್ತಾಳೆ, ಮೊದಲ ಧ್ವನಿಯೇ ವಚನ ಎಂದು ಸ್ವಾಮಿಗಳು ತಿಳಿಸಿದರು. ಅಮ್ಮಾರು ಸನ್ನೆ ಮಾಡಿದರು, ಮೈಕು ತೆಗೆದರು. ನನ್ನ ಮಗಳು ಬಿಳಿ ಸೀರೆಯಲ್ಲಿ ಎದ್ದು ನಿಂತಳು. ತಿಂಗಳಿನಲ್ಲಿ ತೆಳ್ಳಗಾಗಿದ್ದಳು.

ಪೇಟಿ ಕರಿ ಒಂದನ್ನು ಹಿಡಿಯಿತು.

ಮೊದಲ ಪದ ಬಂತು. ಸಣ್ಣದಾಗಿ, ಹಳೆಯ ಬಾಗಿಲಿನ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ, ಆದರೂ ಬಂತು. ಎರಡನೆಯದು ಅರ್ಧ ಬಂತು. ಆಮೇಲೆ ಏರಬೇಕು. ಅವಳು ಏರಿದಳು, ನಾನು ಅವಳ ಎದೆಯನ್ನೇ ನೋಡುತ್ತಿದ್ದೆ, ಉಸಿರು ತುಂಬಿ ಏರಿದಳು. ಧ್ವನಿ ಜೊತೆಗೆ ಏರಲಿಲ್ಲ. ಬಾಯಿ ತೆರೆದಿತ್ತು, ಕೊರಳಿನ ನರ ಎದ್ದಿತ್ತು, ಗಾಳಿ ಹೊರಟಿತು. ಅದೇ ಹಿಸ್ ಸದ್ದು.

ನಾನು ಕಾದದ್ದು ಒಂದಕ್ಕೆ. ಪೇಟಿ ನಿಲ್ಲುತ್ತದೆ, ಅವಳ ಬೆನ್ನು ಅದುರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಪೇಟಿ ನಿಲ್ಲಲಿಲ್ಲ. ಅಮ್ಮಾರು ತಲೆ ಎತ್ತದೆ ನುಡಿಸುತ್ತ ಹೋದರು. ಇಡೀ ವಚನವನ್ನು, ಪಲ್ಲವಿ, ಚರಣ, ತಿರುಗಿ ಪಲ್ಲವಿ, ಎಲ್ಲ ನುಡಿಸಿದರು. ನನ್ನ ಮಗಳು ತುಟಿ ಆಡಿಸುತ್ತ ನಿಂತಿದ್ದಳು. ಅವಳ ಎರಡೂ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಂದು ಆ ಪೇಟಿ ನಿಲ್ಲದಿದ್ದಾಗಲೇ ನನಗೆ ತಿಳಿಯಿತು. ಹಾಡು ಹೋಗಿದೆ, ಹೋದದ್ದು ಆ ಹೆಂಗಸಿಗೆ ನಮಗಿಂತ ಮೊದಲು ಗೊತ್ತಾಗಿದೆ.

ಇನ್ನೊಂದು ಹೇಳಬೇಕು. ಅಂಗಳದಲ್ಲಿ ಯಾರಿಗೂ ಇದು ಸೋಲು ಎಂದು ಅನಿಸಲೇ ಇಲ್ಲ. ಮುಗಿದಾಗ ಸ್ವಾಮಿಗಳು ಎದ್ದು ಕೈ ಮುಗಿದರು. "ಈ ತಾಯಿಯ ಮೌನಾನ ಇವತ್ತು ವಚನ ಆತು" ಅಂದರು. ಜನ ಚಪ್ಪಾಳೆ ತಟ್ಟಿದರು. ಹೆಂಗಸರು ಬಂದು ಅವಳ ಕಾಲು ಮುಟ್ಟಿದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಮ್ಮವ್ವನ ಸರದ ಪುಣ್ಯ ನೋಡು" ಅಂದರು. ನನ್ನ ಗಂಡ ಒಬ್ಬರೇ ಎದ್ದು ಚಪ್ಪಲಿ ಬಿಡುವ ಜಾಗಕ್ಕೆ ಹೋಗಿ ಗೋಡೆ ಹಿಡಿದು ನಿಂತಿದ್ದರು.

ಕರ್ನೂಲಿನ ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. ಪರದೆಯನ್ನು ಬಹಳ ಹೊತ್ತು ನೋಡಿದರು. ಮೌನ ಇದ್ದಳಾ ಎಂದರು. ಒಂದು ಮಾತಾಡಿಲ್ಲ ಅಂದೆ. ಪಿಸುಗುಟ್ಟಿದಳಾ? ಯಾರ ಜೊತೆಗೂ ಇಲ್ಲ ಅಂದೆ. ಆಮೇಲೆ, ಜಪ ಮಾಡುತ್ತಿದ್ದಳು ಅಂದೆ. ಎಷ್ಟು? ದಿನವಿಡೀ. ಹೇಗೆ? ಮಗಳು ಮಾಡಿ ತೋರಿಸಿದಳು. ಅವರು ಅರ್ಧಕ್ಕೇ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಟಲನ್ನು ಬಿಗಿಹಿಡಿದು ಅದರೊಳಗಿಂದ ತಿಂಗಳಿಡೀ ಗಾಳಿ ಉಜ್ಜಿದ್ದಾಳೆ, ಅದು ಕೂಗುವುದಕ್ಕಿಂತ ಕಡೆ ಅಂದರು. ಎಳೆಯದಾಗಿದ್ದ ಗಂಟು ಗಟ್ಟಿಯಾಗಿತ್ತು, ಸುತ್ತಲಿನ ಜಾಗವೂ ಗಾಯವಾಗಿತ್ತು. ಆಪರೇಷನ್ ಆಯಿತು. ಮಾತು ಉಳಿಯಿತು. ಹಾಡಿನ ವಿಷಯ ಅವಳು ಈ ಸಲ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಡಾಕ್ಟರು ಕೊಟ್ಟ ಆ ಗಂಟಲಿನ ಫೋಟೋ ಹಿಡಿದುಕೊಂಡು ಓಣಿಗೆ ಹೋದೆ. ಜಗಳ ಮಾಡಲಿಕ್ಕೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಅಮ್ಮಾರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಎಲ್ಲ ಹೇಳಿದೆ. ಅದು ವ್ರತವಲ್ಲ ರೋಗ ಎಂದೂ ಹೇಳಿದೆ.

"ಇದನ್ನ ಮೊದಲ ಹೇಳಬೇಕಿತ್ತಲ್ಲ?" ಅಂದರು.

"ಹೇಳಿದ್ರ ಬಿಡ್ತಿದ್ರೇನ್ರಿ?"

ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ಇಲ್ಲ. ಬಿಡ್ತಿದ್ದಿಲ್ಲ. ನನ್ನ ಗುರು ನನ್ನ ಬಿಡಲಿಲ್ಲ. ರಕ್ತ ಉಗುಳಿದಾಗ ಬಾಯಿ ತೊಳಕೊಂಡು ಬಾ ಅಂದ್ರು, ಹೋಗಿ ತೊಳಕೊಂಡು ಬಂದು ಹಾಡಿದೆ."

ನಾನು ತಯಾರಾಗಿ ಬಂದದ್ದು ಸುಳ್ಳಿಗೆ, ನೆಪಕ್ಕೆ, ಕಣ್ಣೀರಿಗೆ. ಇದಕ್ಕಲ್ಲ. ಫೋಟೋವನ್ನು ಅವರ ಮಡಿಲಿಗೆ ಹಾಕಿದೆ. ಕನ್ನಡಕ ಏರಿಸಿ ಬೆಳಕಿಗೆ ಹಿಡಿದು ನೋಡಿದರು. ಅವರ ಕೈ ತಾನೇ ತಾನಾಗಿ ಅವರ ಕೊರಳಿಗೆ ಹೋಯಿತು.

"ನಂದೂ ಹಿಂಗ ಇರಬೌದು" ಅಂದರು, ಆ ಮಂಚ ಎಳೆಯುವ ಧ್ವನಿಯಲ್ಲಿ. "ನನಗ ಯಾರೂ ತೋರಿಸಲಿಲ್ಲ ನೋಡವ್ವ."

ಫೋಟೋ ಅಲ್ಲೇ ಬಿಟ್ಟು ಬಂದೆ.

ಈಗ ಮೊನ್ನೆಯ ಭಾನುವಾರಕ್ಕೆ ಬರುತ್ತೇನೆ. ಗುರು ಅಂದರೆ ಹೀಗಿರಬೇಕು ಎಂದು ಮೈದುನ ಅಂದನಲ್ಲ, ಆಗ ನನ್ನ ಮಗಳು ಕೊಟ್ಟ ಉತ್ತರ ಇದು.

"ಖರೇ ಐತಿ ಕಾಕಾ. ಹಿಂಗ ಇರಬೇಕು."

ಅವಳ ಮಾತು ಈಗ ಗೊಗ್ಗರು. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಕೇಳಿದರೆ, ಒಂದು ಕ್ಷಣ, ಮನೆಗೆ ಪೇಟಿ ಅಮ್ಮಾರು ಬಂದಿದ್ದಾರೆ ಎಂದೇ ಅನಿಸುತ್ತದೆ.

ಅಮ್ಮಾರಿಗೆ ಈಗ ಕೈ ನಡುಗುತ್ತದೆ, ಪೇಟಿ ನುಡಿಸಲು ಆಗುವುದಿಲ್ಲ. ಓಣಿಯ ಮನೆಯಲ್ಲಿ ಪಾಠ ನಡೆಸುವುದು ನನ್ನ ಮಗಳೇ. ಅಮ್ಮಾರು ಕರೆಯಲಿಲ್ಲ, ಇವಳೇ ಹೋದಳು. ಬ್ಯಾಂಕಿನ ಪರೀಕ್ಷೆಗೆ ಓದು ಎಂದು ಅವಳ ಅಪ್ಪ ಪುಸ್ತಕ ತಂದುಕೊಟ್ಟರು. ಅವು ಕಟ್ಟು ಬಿಚ್ಚದೆ ಅಟ್ಟದ ಮೇಲಿವೆ.

ಮರುದಿನ ಸೋಮವಾರ ಡಬ್ಬಿ ಮರೆತುಹೋಗಿದ್ದಳು. ತೆಗೆದುಕೊಂಡು ಹೋದೆ. ಮಿಲ್ಲು ಈಗ ಶುರುವಾಗಿದೆ, ಓಣಿಗೆ ಮತ್ತೆ ನೊರೆ ಬಂದಿದೆ. ಶಾಲೆಗೆ ದಸರಾ ರಜೆ. ಅಂಗಳದಲ್ಲಿ ಐದನೆಯದೋ ಆರನೆಯದೋ ಓದುವ ಒಂದು ಹುಡುಗಿ, ಎರಡು ಜಡೆ, ಗೋಡೆಗೆ ಮುಖ ಮಾಡಿ ನಿಂತು ಹಾಡುತ್ತಿತ್ತು. ಒಳಗೆ ಬಾಗಿಲು ಮುಚ್ಚಿತ್ತು. ನಾನು ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಪೇಟಿ ನಿಂತಿತು. ಮಗುವಿನ ಬೆನ್ನು ಅದುರಿತು.

ನಾನು ಬಾಗಿಲು ನೂಕಿ ಒಳಗೆ ಹೋದೆ. ಮೂಲೆಯ ಮಂಚದಲ್ಲಿ ಅಮ್ಮಾರು ಗೋಡೆಗೆ ತಿರುಗಿ ಮಲಗಿದ್ದರು. ಮಗಳ ಬೆರಳು ಪೇಟಿಯ ಮೇಲೆ ಎಲ್ಲಿದೆ ಎಂದು ನೋಡಿದೆ. ಇಷ್ಟು ವರ್ಷದಲ್ಲಿ ನನಗೂ ಆ ಕರಿ ಒಂದರ ಮನೆ ಗುರುತಾಗಿದೆ.

"ಆ ಕೂಸಿಗೆ ಇಳಿಸವ್ವ. ಕರಿ ಐದಕ್ಕರ ಇಳಿಸು."

"ಮೆಲ್ಲಕ ಮಾತಾಡು, ಅಮ್ಮಾರು ಮಲಗ್ಯಾರ."

"ನಿನ್ನ ಗಂಟಲಾಗ ಆಗಿದ್ದು ಸಾಲದೇನು? ಡಾಕ್ಟರು ತೋರಿಸಿದ್ರಲ್ಲ, ಕಣ್ಣಿಲೆ ನೋಡಿದೆಲ್ಲ."

"ನಂದು ಬ್ಯಾರೆ. ನಾನು ಮೌನದಾಗ ತಪ್ಪು ಮಾಡ್ದೆ. ಹಾಡಿದ್ದರಾಗ ತಪ್ಪಿದ್ದಿಲ್ಲ." ಅವಳು ನನ್ನ ಮುಖವನ್ನೇ ನೋಡಿದಳು, ಸಿಟ್ಟಿರಲಿಲ್ಲ. "ಆ ಕೂಸಿನ ಧ್ವನಿ ನನ್ನದಕ್ಕಿಂತ ಚೊಲೋ ಐತಿ ಯವ್ವಾ. ಮುಟ್ಟತೈತಿ. ಡಬ್ಬಿ ಅಲ್ಲಿಟ್ಟು ಹೋಗು."

ಡಬ್ಬಿ ಇಟ್ಟೆ. ಹೊರಗೆ ಬಂದು ಮಗುವಿಗೆ ಕುಡಿಯಲು ನೀರು ಕೊಟ್ಟೆ. ಅದು ಬೇಡ ಎಂದು ತಲೆಯಾಡಿಸಿತು. ಹಾಡಿನ ನಡುವೆ ತಣ್ಣೀರು ಕುಡಿಯಬಾರದಂತೆ, ಅಕ್ಕ ಹೇಳಿದ್ದಾರಂತೆ. ನಿಮ್ಮಮ್ಮ ಎಲ್ಲಿ ಎಂದು ಕೇಳಿದೆ. ಸಂಜೆ ಬರ್ತಾಳ ಅಂತು. ಅವಳಿಗಾದರೂ ಹೇಳಬೇಕು, ಬರುವ ತನಕ ಇಲ್ಲೇ ಕೂರುತ್ತೇನೆ ಎಂದು ಕಟ್ಟೆಯ ಮೇಲೆ ಕೂತೆ.

ಒಳಗೆ ಪೇಟಿ ಮತ್ತೆ ಶುರುವಾಯಿತು, ಕರಿ ಒಂದು. ಮಗು ಗೋಡೆಗೆ ತಿರುಗಿ ಉಸಿರು ಎಳೆದುಕೊಂಡಿತು. ಈ ಸಲ ಚೆನ್ನಾಗಿಯೇ ಹಾಡಿತು. ಮಿಲ್ಲಿನ ಸದ್ದು ದಾಟಿ, ಬಾಗಿಲು ದಾಟಿ ಹೋಯಿತು. ಪೇಟಿ ನಿಲ್ಲಲಿಲ್ಲ.